ಮೊದಲು ಊರು, ಆಮೇಲೆ ದೇಶ: ಲಿಕ್ಟೆನ್‌ಸ್ಟೈನ್‌ನ ಸ್ಥಳೀಯ ಚುನಾವಣೆ ಸಣ್ಣ ವಿಷಯ ಅಲ್ಲ

ನಲವತ್ತು ವರ್ಷದ ಹಿಂದೆ ಲಿಕ್ಟೆನ್‌ಸ್ಟೈನ್‌ನ ಮೂರು ಊರುಗಳ ಹೆಂಗಸರದ್ದು ವಿಚಿತ್ರ ಪಾಡು. ದೇಶದ ಸಂಸತ್ತಿಗೆ ಯಾರು ಹೋಗಬೇಕು ಅಂತ ಅವರು ವೋಟು ಹಾಕಬಹುದಿತ್ತು. ತಮ್ಮ ಬೀದಿ, ತಮ್ಮ ನಲ್ಲಿ, ತಮ್ಮ ಮಕ್ಕಳ ಶಾಲೆ ನೋಡಿಕೊಳ್ಳುವ ಊರ ಸಮಿತಿಗೆ ಮಾತ್ರ ಹಾಕುವಂತಿರಲಿಲ್ಲ.

ಆಗಿದ್ದು ಇಷ್ಟು. 1971ರಲ್ಲಿ ಒಮ್ಮೆ, 1973ರಲ್ಲಿ ಇನ್ನೊಮ್ಮೆ ದೇಶದ ಗಂಡಸರು ಹೆಂಗಸರಿಗೆ ಮತದಾನದ ಹಕ್ಕು ಬೇಡ ಅಂದಿದ್ದರು. 1984ರ ಬೇಸಿಗೆಯಲ್ಲಿ ಮೂರನೇ ಸಲ ಕೇಳಿದಾಗ ಒಪ್ಪಿದರು. ಪರವಾಗಿ 2,370 ವೋಟು, ವಿರುದ್ಧವಾಗಿ 2,251. ಅಂತರ ಬರೀ 119. ಆದರೆ ಆ ಹಕ್ಕು ದೇಶದ ಮಟ್ಟಕ್ಕೆ ಮಾತ್ರ ಅನ್ವಯ. ಊರ ಮಟ್ಟದಲ್ಲಿ ಕೊಡಬೇಕೋ ಬೇಡವೋ ಅನ್ನೋದನ್ನು ಆಯಾ ಊರಿನ ಗಂಡಸರೇ ಬೇರೆಯಾಗಿ ತೀರ್ಮಾನಿಸಬೇಕಿತ್ತು. ಕೊನೆಯ ಮೂರು ಊರುಗಳು ಅದಕ್ಕೆ 1986ರ ತನಕ ತೆಗೆದುಕೊಂಡವು. ರಾಜಧಾನಿಯಲ್ಲಿ ಇದೇ ಕಥೆ ತಲೆಕೆಳಗಾಗಿತ್ತು. ಅಲ್ಲಿ 1976ರಲ್ಲೇ ಹೆಂಗಸರಿಗೆ ಊರ ವೋಟು ಸಿಕ್ಕಿತ್ತು. ದೇಶದ ವೋಟಿಗೆ ಇನ್ನೂ ಎಂಟು ವರ್ಷ ಕಾಯಬೇಕಾಯಿತು.

ಒಂದೇ ದೇಶ, ಒಂದೇ ಸಂವಿಧಾನ. ಆದರೂ ಊರಿಗೊಂದು ಕಾನೂನು. ಈ ದೇಶದಲ್ಲಿ ಊರು ಅಂದರೆ ಸರ್ಕಾರದ ಕೈಕೆಳಗಿನ ಒಂದು ಕಚೇರಿ ಅಲ್ಲ. ಅದು ತನ್ನದೇ ಜಾಗದಲ್ಲಿ ನಿಂತ ಒಂದು ಅಧಿಕಾರ. ಸ್ಥಳೀಯ ಚುನಾವಣೆಯನ್ನು ಸಂಸತ್ ಚುನಾವಣೆಯ ಚಿಲ್ಲರೆ ಆವೃತ್ತಿ ಅಂದುಕೊಂಡರೆ ಇಲ್ಲಿನ ರಾಜಕೀಯ ಅರ್ಥವಾಗುವುದಿಲ್ಲ.

ಸ್ವಿಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ, ರೈನ್ ನದಿಯ ಬಲದಂಡೆಯಲ್ಲಿ ಸಿಕ್ಕಿಕೊಂಡ ದೇಶ ಇದು. ವಿಸ್ತೀರ್ಣ 160 ಚದರ ಕಿಲೋಮೀಟರ್. ಜನ ಸುಮಾರು 40 ಸಾವಿರ. ಇಷ್ಟು ಜಾಗದಲ್ಲಿ 11 ಊರುಗಳು. ಅವರ ಜರ್ಮನ್ ಮಾತಿನಲ್ಲಿ ಊರಾಡಳಿತದ ಘಟಕಕ್ಕೆ ಗೆಮೈಂಡೆ ಅನ್ನುತ್ತಾರೆ. ರಾಜಧಾನಿಯ ಹೆಸರನ್ನು ನಾವು ವಡೂಜ್ ಅಂತ ಓದುತ್ತೇವೆ, ಅಲ್ಲಿನವರು ಫಡೂಟ್ಸ್ ಅನ್ನುತ್ತಾರೆ. ಜನಸಂಖ್ಯೆಯಲ್ಲಿ ದೊಡ್ಡ ಊರು ಅದಲ್ಲ, ಪಕ್ಕದ ಶಾನ್. ಅಲ್ಲಿ ಸುಮಾರು 6 ಸಾವಿರ ಜನ. ಬೆಟ್ಟದ ಮೇಲಿರುವ ಪ್ಲಾಂಕೆನ್ ಎಲ್ಲಕ್ಕಿಂತ ಚಿಕ್ಕದು, ಸುಮಾರು 500 ಜನ. ಆ 500 ಜನರಿಗೂ ತಮ್ಮದೇ ಸಮಿತಿ, ತಮ್ಮದೇ ಮುಖ್ಯಸ್ಥ, ತಮ್ಮದೇ ತೆರಿಗೆ ದರ.

ನಕ್ಷೆ ನೋಡಿದರೆ ಇನ್ನೂ ಮಜಾ. ಊರುಗಳ ಗಡಿ ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗಿದೆ. ಒಂದು ಊರಿನ ತುಂಡು ಇನ್ನೊಂದು ಊರಿನ ಮಧ್ಯೆ ಬಿದ್ದಿರುತ್ತದೆ. ಹಿಂದೆ ನಾಲ್ಕಾರು ಊರುಗಳು ಸೇರಿ ಬಳಸುತ್ತಿದ್ದ ಕಾಡು, ಹುಲ್ಲುಗಾವಲುಗಳನ್ನು ಹಂಚಿಕೊಂಡಾಗ ಉಳಿದ ಗುರುತು ಅದು. ಪುಟ್ಟ ಪ್ಲಾಂಕೆನ್‌ಗೂ ಇಂಥ ದೂರದ ತುಂಡುಗಳಿವೆ. ಈಗಲೂ ಐದು ಊರುಗಳಲ್ಲಿ ಕಾಡು ಮತ್ತು ಬೆಟ್ಟದ ಗೋಮಾಳದ ಒಡೆತನ ಮೂಲ ಕುಟುಂಬಗಳ ಸಹಕಾರ ಸಂಘಗಳ ಕೈಯಲ್ಲಿದೆ. ಊರಾಡಳಿತ ಬೇರೆ, ಈ ಸಂಘ ಬೇರೆ.

ದೇಶವೇ ಇಲ್ಲಿ ತಡವಾಗಿ ಬಂದದ್ದು. ಲಿಕ್ಟೆನ್‌ಸ್ಟೈನ್ ಮನೆತನದವರು 1699ರಲ್ಲಿ ಶೆಲೆನ್‌ಬೆರ್ಗ್ ಜಹಗೀರನ್ನೂ 1712ರಲ್ಲಿ ಫಡೂಟ್ಸ್ ಪ್ರಾಂತ್ಯವನ್ನೂ ಕೊಂಡುಕೊಂಡರು. ಹೌದು, ದುಡ್ಡು ಕೊಟ್ಟು ಕೊಂಡದ್ದು. ಎರಡೂ ಸೇರಿ 1719ರಲ್ಲಿ ಸಂಸ್ಥಾನವಾಯಿತು. ಆಮೇಲೂ ರಾಜರು ಇದ್ದದ್ದು ಹೆಚ್ಚಾಗಿ ವಿಯೆನ್ನಾ ಕಡೆಯೇ. ಆಳುವ ರಾಜ ಬಂದು ಕಾಯಂ ಆಗಿ ನೆಲೆಸಿದ್ದು 1938ರಲ್ಲಿ. ಎರಡು ಶತಮಾನಕ್ಕೂ ಜಾಸ್ತಿ ಕಾಲ ಮಾಲೀಕ ದೂರದಲ್ಲಿದ್ದ, ಊರು ಹತ್ತಿರದಲ್ಲಿತ್ತು. ನಿಷ್ಠೆ ಯಾವುದಕ್ಕೆ ಮೊದಲು ಬೆಳೆಯುತ್ತೆ ಹೇಳಿ.

ಈಗ ಅಧಿಕಾರದ ವಿಷಯಕ್ಕೆ ಬರೋಣ. ಪತ್ರಿಕೆಗಳು ಲಿಕ್ಟೆನ್‌ಸ್ಟೈನ್ ಬಗ್ಗೆ ಬರೆದಾಗಲೆಲ್ಲ ಒಂದು ಸಂಗತಿಯನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತವೆ. ಅಲ್ಲಿನ ಯಾವ ಊರು ಬೇಕಾದರೂ ದೇಶ ಬಿಟ್ಟು ಹೋಗಬಹುದಂತೆ! ನಿಜ. 2003ರ ಮಾರ್ಚ್‌ನಲ್ಲಿ ರಾಜ ಎರಡನೇ ಹಾನ್ಸ್-ಆಡಮ್ ಮುಂದಿಟ್ಟ ಸಂವಿಧಾನ ತಿದ್ದುಪಡಿಯನ್ನು ಶೇ 64ರಷ್ಟು ಮತದಾರರು ಒಪ್ಪಿದರು. ಈ ಹಕ್ಕು ಬಂದದ್ದು ಅದರ ಜೊತೆಗೆ. ಊರಿನಲ್ಲಿರುವ ಪ್ರಜೆಗಳಲ್ಲಿ ಬಹುಮತ ಬಂದರೆ ಹೊರಹೋಗುವ ಪ್ರಕ್ರಿಯೆ ಶುರು ಮಾಡಬಹುದು. ಆದರೆ ಮುಂದಿನ ಸಾಲು ಓದಬೇಕು. ಹೇಗೆ ಹೊರಹೋಗಬೇಕು ಅನ್ನೋದು ಕಾನೂನಿನಿಂದಲೋ ಒಪ್ಪಂದದಿಂದಲೋ ನಿರ್ಧಾರವಾಗಬೇಕು. ಕಾನೂನಿಗೆ ಸಂಸತ್ತೂ ಬೇಕು, ರಾಜನ ಅಂಕಿತವೂ ಬೇಕು. ಒಪ್ಪಂದವಾದರೆ ಊರಿನಲ್ಲಿ ಮತ್ತೊಮ್ಮೆ ಮತದಾನ ಆಗಬೇಕು. ಇಲ್ಲಿವರೆಗೆ ಯಾವ ಊರೂ ಇದನ್ನು ಬಳಸಿಲ್ಲ. ಗೋಡೆಗೆ ನೇತುಹಾಕಿದ ಕತ್ತಿ ಅದು. ನೋಡೋಕೆ ಚೆಂದ. ತರಕಾರಿ ಹೆಚ್ಚೋಕೆ ಬೇರೆ ಚಾಕು ಇದೆ.

ಆ ಚಾಕುಗಳಲ್ಲಿ ಮೊದಲನೆಯದು ತೆರಿಗೆ. ಇಲ್ಲಿ ಆದಾಯದ ಮೇಲೆ ದೇಶ ಹಾಕುವ ತೆರಿಗೆ ಕಮ್ಮಿ, ಶೇ 1ರಿಂದ ಶೇ 8ರ ತನಕ. ಅದರ ಮೇಲೆ ಊರು ತನ್ನ ಪಾಲು ಸೇರಿಸುತ್ತದೆ. ಕನಿಷ್ಠ ಶೇ 150, ಗರಿಷ್ಠ ಶೇ 250. ಇದು ಆದಾಯದ ಶೇಕಡಾ ಅಲ್ಲ, ದೇಶದ ತೆರಿಗೆಯ ಶೇಕಡಾ. ಲೆಕ್ಕ ಸುಲಭ. ನೀವು ದೇಶಕ್ಕೆ 100 ಫ್ರಾಂಕ್ ಕಟ್ಟಬೇಕಿದ್ದರೆ, ಶೇ 150 ಇರುವ ಊರಿನಲ್ಲಿ ಒಟ್ಟು 250 ಫ್ರಾಂಕ್ ಆಗುತ್ತದೆ. ಶೇ 180 ಇರುವ ಊರಿನಲ್ಲಿ 280. ಅಂದರೆ ಜೇಬಿನಿಂದ ಹೋಗುವ ದುಡ್ಡಿನಲ್ಲಿ ದೊಡ್ಡ ಪಾಲು ಊರಿನದ್ದು. ದರ ಗೊತ್ತು ಮಾಡುವುದು ಊರೇ.

ಎಲ್ಲ ಊರಿಗೂ ದರ ಇಳಿಸುವ ತಾಕತ್ತು ಒಂದೇ ಥರ ಇಲ್ಲ ಅನ್ನೋದು ಬೇರೆ ಮಾತು. ಕಂಪನಿಗಳ ಲಾಭದ ಮೇಲಿನ ತೆರಿಗೆಯಲ್ಲೂ ಊರುಗಳಿಗೆ ಪಾಲಿದೆ. ಶಾನ್‌ನಲ್ಲಿ ಕಟ್ಟಡ ಕೆಲಸದ ಉಪಕರಣ ಮಾಡುವ ಹಿಲ್ಟಿ ಕಂಪನಿಯ ಕೇಂದ್ರ ಕಚೇರಿ ಇದೆ, ಫಡೂಟ್ಸ್‌ನಲ್ಲಿ ಬ್ಯಾಂಕುಗಳಿವೆ. ಬೆಟ್ಟದ ಮೇಲಿನ ಟ್ರೀಸೆನ್‌ಬೆರ್ಗ್‌ನಲ್ಲಿ ಕಡಿದಾದ ರಸ್ತೆಗಳು ಜಾಸ್ತಿ, ಕಾರ್ಖಾನೆ ಕಮ್ಮಿ. ಹಿಮ ತೆಗೆಯುವ ಖರ್ಚು ಮಾತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹಾಗಾಗಿ ಬಡ ಊರಿಗೆ ದೇಶದ ಬೊಕ್ಕಸದಿಂದ ಎಷ್ಟು ಸರಿದೂಗಿಸಬೇಕು ಅನ್ನುವ ಜಗಳ ಇಲ್ಲಿ ಮುಗಿಯದ ಜಗಳ. ಬಡ ಊರು ಅಂದೆ, ಕ್ಷಮಿಸಿ. ಲಿಕ್ಟೆನ್‌ಸ್ಟೈನ್‌ನಲ್ಲಿ ಬಡ ಊರು ಅಂದರೆ ಬ್ಯಾಂಕು ಇಲ್ಲದ ಊರು ಅಂತ ಓದಿಕೊಳ್ಳಿ.

ಎರಡನೇ ಚಾಕು ಇನ್ನೂ ಹರಿತ. ಯಾರು ನಮ್ಮವರು ಅನ್ನೋದನ್ನು ಊರೇ ತೀರ್ಮಾನಿಸುತ್ತದೆ.

ಲಿಕ್ಟೆನ್‌ಸ್ಟೈನ್ ಪೌರತ್ವ ಬೇಕು ಅಂದರೆ ಮೊದಲು ಯಾವುದಾದರೂ ಒಂದು ಊರಿನ ಪೌರತ್ವ ಸಿಗಬೇಕು. ಊರಿಲ್ಲದ ಪ್ರಜೆ ಇಲ್ಲ. ಹತ್ತು ವರ್ಷ ವಾಸವಾಗಿದ್ದವರು ಅರ್ಜಿ ಹಾಕಬಹುದು. ಆಮೇಲೆ ಆ ಊರಿನ ಮತದಾರರು ವೋಟು ಹಾಕುತ್ತಾರೆ, ಇವರನ್ನು ಸೇರಿಸಿಕೊಳ್ಳಬೇಕಾ ಬೇಡವಾ ಅಂತ. ಅಧಿಕಾರಿಯ ಸಹಿ ಅಲ್ಲ, ಅಕ್ಕಪಕ್ಕದವರ ವೋಟು. ದಿನಾ ಬೇಕರಿಯಲ್ಲಿ ಗುರುತಿನ ನಗೆ ಬೀರುವವರು, ಮಗನ ಫುಟ್‌ಬಾಲ್ ಕೋಚ್, ಪಕ್ಕದ ಮನೆಯಲ್ಲಿ ಹುಲ್ಲು ಕತ್ತರಿಸುವಾತ. ಫಲಿತಾಂಶ ಬಂದ ಮೇಲೆ ಎಷ್ಟು ಜನ ಬೇಡ ಅಂದರು ಅನ್ನೋ ಸಂಖ್ಯೆ ಊರಿಗೆಲ್ಲ ಗೊತ್ತು. ಯಾರು ಅಂದರು ಅನ್ನೋದು ಮಾತ್ರ ಗೊತ್ತಿಲ್ಲ. ಗೆದ್ದರೂ ಮರುದಿನ ಅದೇ ಬೇಕರಿಗೆ ಹೋಗೋದು ಸುಲಭದ ಮಾತಲ್ಲ, ಅಲ್ವಾ?

ಈ ಮುಜುಗರ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಮೂವತ್ತು ವರ್ಷ ಕಾಯಬೇಕು. ಅಷ್ಟು ಕಾಲ ದೇಶದಲ್ಲಿ ವಾಸ ಮಾಡಿದವರಿಗೆ ಊರಿನ ವೋಟಿಲ್ಲದೆ ಪೌರತ್ವ ಸಿಗುತ್ತದೆ. ಇಪ್ಪತ್ತು ವಯಸ್ಸಿನ ಒಳಗಿನ ವರ್ಷಗಳು ಎರಡೆರಡಾಗಿ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಅಲ್ಲೇ ಹುಟ್ಟಿ ಬೆಳೆದ ಮಗುವಿಗೆ ಹದಿನೈದಕ್ಕೇ ಲೆಕ್ಕ ತುಂಬುತ್ತದೆ. ಆದರೆ ಎರಡೂ ದಾರಿಯಲ್ಲಿ ಹಳೆಯ ಪೌರತ್ವ ಬಿಡಬೇಕು. ಇದನ್ನು ಸಡಿಲಿಸುವ ಪ್ರಸ್ತಾವ 2020ರ ಆಗಸ್ಟ್‌ನಲ್ಲಿ ಜನರ ಮುಂದೆ ಬಂತು. ಶೇ 60ಕ್ಕೂ ಜಾಸ್ತಿ ಜನ ಬೇಡ ಅಂದರು.

ಇದರ ಫಲ ಏನು? ದೇಶದಲ್ಲಿ ವಾಸಿಸುವವರಲ್ಲಿ ಮೂರರಲ್ಲಿ ಒಬ್ಬರು ಪರದೇಶದ ಪ್ರಜೆಗಳು. ಸ್ವಿಸ್ಸರು, ಆಸ್ಟ್ರಿಯನ್ನರು, ಜರ್ಮನ್ನರು ಮತ್ತು ಇತರರು. ಅವರು ಊರ ತೆರಿಗೆ ಕಟ್ಟುತ್ತಾರೆ. ಮಕ್ಕಳನ್ನು ಊರ ಶಾಲೆಗೆ ಕಳಿಸುತ್ತಾರೆ. ಊರ ಚುನಾವಣೆಯಲ್ಲಿ ಅವರಿಗೆ ವೋಟಿಲ್ಲ. ಯುರೋಪಿನಲ್ಲಿ ಇದು ಸಾಮಾನ್ಯ ಅಲ್ಲ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ, ಯೂನಿಯನ್‌ನ ಯಾವ ದೇಶದ ಪ್ರಜೆಯಾದರೂ ತಾನಿರುವ ಊರಿನ ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಬಹುದು. ಗಡಿಯಾಚೆ, ಆಸ್ಟ್ರಿಯಾದ ಫೆಲ್ಡ್‌ಕಿರ್ಶ್‌ನಲ್ಲಿ ಮನೆ ಮಾಡಿಕೊಂಡ ಜರ್ಮನ್ ಪ್ರಜೆಗೆ ಆ ಹಕ್ಕಿದೆ. ಅದೇ ಮನುಷ್ಯ ಈಚೆ ಬಂದು ಶಾನ್‌ನಲ್ಲಿ ನೆಲೆಸಿದರೆ ಇಲ್ಲ. ಲಿಕ್ಟೆನ್‌ಸ್ಟೈನ್ 1995ರಿಂದ ಯುರೋಪಿನ ಆರ್ಥಿಕ ವಲಯದ, ಅಂದರೆ ಯೂನಿಯನ್ ಜೊತೆ ಮಾರುಕಟ್ಟೆ ಹಂಚಿಕೊಳ್ಳುವ ದೇಶಗಳ ಗುಂಪಿನ, ಸದಸ್ಯ. ಯೂನಿಯನ್‌ಗೆ ಸೇರಿಲ್ಲ. ಹಾಗಾಗಿ ಆ ನಿಯಮ ಅದಕ್ಕೆ ತಾಗುವುದಿಲ್ಲ.

ಸಣ್ಣ ದೇಶದ ಭಯ ನನಗೆ ಅರ್ಥವಾಗುತ್ತದೆ. ಇಲ್ಲಿನ ಉದ್ಯೋಗಗಳ ಸಂಖ್ಯೆ ಇಲ್ಲಿನ ಜನಸಂಖ್ಯೆಯನ್ನೇ ಮೀರಿದೆ. ಕೆಲಸಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೆಳಿಗ್ಗೆ ಗಡಿ ದಾಟಿ ಬಂದು ಸಂಜೆ ವಾಪಸ್ ಹೋಗುತ್ತಾರೆ. ಬಾಗಿಲು ಪೂರ್ತಿ ತೆರೆದರೆ ಜಾಗವೇ ಸಾಲದು. ಅದಕ್ಕೇ ಆರ್ಥಿಕ ವಲಯದ ಪ್ರಜೆಗಳಿಗೆ ವಾಸದ ಪರವಾನಗಿಗೂ ಕೋಟಾ ಇದೆ. ಕೆಲಸಕ್ಕೆ ಬರುವವರಿಗೆ ವರ್ಷಕ್ಕೆ 56, ಕೆಲಸ ಮಾಡದವರಿಗೆ 16. ಅದರಲ್ಲಿ ಅರ್ಧವನ್ನು ಚೀಟಿ ಎತ್ತಿ ಕೊಡುತ್ತಾರೆ. ಆದರೆ ಇದೆಲ್ಲ ಒಳಗೆ ಬರುವವರ ಲೆಕ್ಕ. ಇಪ್ಪತ್ತು ವರ್ಷದಿಂದ ಒಳಗೇ ಇರುವವರಿಗೆ ಊರ ಸಮಿತಿಯಲ್ಲಿ ಮಾತಿಲ್ಲ ಅನ್ನೋದಕ್ಕೆ ಜಾಗದ ಕೊರತೆ ಕಾರಣ ಆಗಲಾರದು. ಹೆಂಗಸರ ವಿಷಯದಲ್ಲಿ ಊರುಗಳು ಹತ್ತು ವರ್ಷ ಒಂದೊಂದಾಗಿ ಮನಸ್ಸು ಬದಲಾಯಿಸಿದವು. ಪರದೇಶದವರ ವಿಷಯದಲ್ಲಿ ಆ ಥರದ ಮೊದಲ ಊರು ಇನ್ನೂ ಹುಟ್ಟಿಲ್ಲ.

ಇನ್ನು ಚುನಾವಣೆಯ ದಿನದ ಕಥೆ. ನಾಲ್ಕು ವರ್ಷಕ್ಕೊಮ್ಮೆ 11 ಊರುಗಳಲ್ಲೂ ಒಟ್ಟಿಗೆ ಚುನಾವಣೆ. ಹಿಂದಿನದು 2023ರ ಮಾರ್ಚ್ 5ರಂದು ಆಯಿತು. ಮುಂದಿನದು 2027ರಲ್ಲಿ. 18 ತುಂಬಿದ ಪ್ರಜೆಗಳಿಗೆ ವೋಟು. ಇಡೀ ದೇಶದಲ್ಲಿ ಮತದಾರರು ಸುಮಾರು 20 ಸಾವಿರ. ಬಹುಪಾಲು ಎಲ್ಲರೂ ಅಂಚೆಯಲ್ಲೇ ವೋಟು ಹಾಕುತ್ತಾರೆ. ಎರಡು ಬೇರೆ ಬೇರೆ ಆಯ್ಕೆ ಇರುತ್ತದೆ. ಒಂದು ಊರ ಮುಖ್ಯಸ್ಥನದ್ದು. ಇವರನ್ನು ಫೋರ್‌ಷ್ಟೇಹರ್ ಅನ್ನುತ್ತಾರೆ. ಫಡೂಟ್ಸ್‌ನಲ್ಲಿ ಮಾತ್ರ ಬ್ಯುರ್ಗರ್‌ಮೈಸ್ಟರ್, ರಾಜಧಾನಿ ಅಲ್ವಾ, ಸ್ವಲ್ಪ ಗತ್ತು. ಅರ್ಧಕ್ಕಿಂತ ಜಾಸ್ತಿ ವೋಟು ಬೇಕು, ಬರದಿದ್ದರೆ ಇನ್ನೊಂದು ಸುತ್ತು. ಮತ್ತೊಂದು ಆಯ್ಕೆ ಸಮಿತಿ ಸದಸ್ಯರದ್ದು. ನಿಜವಾದ ಕುತೂಹಲ ಇರೋದು ಅಲ್ಲಿ.

ಮತದಾರನಿಗೆ ಪ್ರತಿ ಪಕ್ಷದ ಒಂದೊಂದು ಪಟ್ಟಿ ಬರುತ್ತದೆ. ಒಂದನ್ನು ಆರಿಸಬೇಕು. ಆರಿಸಿದ ಪಟ್ಟಿಯಲ್ಲಿ ಇಷ್ಟವಿಲ್ಲದ ಹೆಸರು ಹೊಡೆದು ಹಾಕಬಹುದು. ಆ ಜಾಗದಲ್ಲಿ ಬೇರೆ ಪಕ್ಷದವರ ಹೆಸರು ಬರೆಯಬಹುದು. ಸಮಿತಿಯಲ್ಲಿ 12 ಸ್ಥಾನ ಇದ್ದರೆ ನಿಮ್ಮ ಚೀಟಿಗೆ 12 ವೋಟಿನ ಬಲ. ಎದುರು ಪಕ್ಷದ ಇಬ್ಬರನ್ನು ಬರೆದರೆ ಎರಡು ವೋಟು ಆ ಕಡೆ ಹೋಗುತ್ತವೆ, ಹತ್ತು ನಿಮ್ಮ ಪಕ್ಷದಲ್ಲೇ ಉಳಿಯುತ್ತವೆ. ಪಕ್ಷನಿಷ್ಠೆಯೂ ಉಳಿಯಿತು, ಭಾವಮೈದುನನೂ ಮುನಿಸಿಕೊಳ್ಳಲಿಲ್ಲ.

ಸಂಸತ್ ಚುನಾವಣೆಗೂ ಇದೇ ಪದ್ಧತಿ. 2021ರಲ್ಲಿ ಎರಡು ದೊಡ್ಡ ಪಕ್ಷಗಳ ನಡುವೆ ಇಡೀ ದೇಶದಲ್ಲಿ 42 ವೋಟಿನ ಅಂತರ ಬಂತು. ಪತ್ರಿಕೆಗಳು ಅದನ್ನೇ ದೊಡ್ಡದಾಗಿ ಹೇಳಿದವು. ಆದರೆ ಅಲ್ಲಿ ಇಡೀ ದೇಶಕ್ಕೆ ಎರಡೇ ಮತಕ್ಷೇತ್ರ. ಒಂದು ಚೀಟಿಗೆ ಮೇಲಿನ ಸೀಮೆಯಲ್ಲಿ 15 ವೋಟು, ಕೆಳಗಿನ ಸೀಮೆಯಲ್ಲಿ 10. ಅಂದರೆ 42 ವೋಟು ಅಂದರೆ ಐದು ಜನರ ಚೀಟಿಯೂ ಅಲ್ಲ. ಒಂದು ಊಟದ ಮೇಜಿನ ಸುತ್ತ ಕೂತ ಜನ.

ಆ ಎರಡು ದೊಡ್ಡ ಪಕ್ಷಗಳಿಗೆ ಬಣ್ಣದ ಹೆಸರಿದೆ. ಪ್ರಗತಿಪರ ನಾಗರಿಕರ ಪಕ್ಷದವರು ಕಪ್ಪು, ದೇಶಾಭಿಮಾನಿ ಒಕ್ಕೂಟದವರು ಕೆಂಪು. ಕೆಂಪು ಅಂದ ತಕ್ಷಣ ಎಡಪಂಥ ಅಂದುಕೊಳ್ಳಬೇಡಿ. ಇಬ್ಬರೂ ಸಂಪ್ರದಾಯಸ್ಥರೇ. 1938ರಿಂದ 1997ರ ತನಕ ಒಟ್ಟಿಗೇ ಸರ್ಕಾರ ನಡೆಸಿದವರು. ಸಿದ್ಧಾಂತದ ವ್ಯತ್ಯಾಸ ಹುಡುಕಿದರೆ ಬೆವರು ಬರುತ್ತದೆ. ತುಂಬಾ ಮನೆಗಳಲ್ಲಿ ಬಣ್ಣ ಅನ್ನೋದು ಅಜ್ಜನಿಂದ ಬಂದ ಆಸ್ತಿ. ಬಿಳಿ ಬಣ್ಣದ ಫ್ರೀ ಲಿಸ್ಟ್ 1985ರಲ್ಲಿ ಹುಟ್ಟಿತು, ಪರಿಸರ ಮತ್ತು ಸಮಾನತೆಯ ಮಾತಾಡುವ ಪಕ್ಷ. ಆದರೂ ಊರ ಮುಖ್ಯಸ್ಥನ ಕುರ್ಚಿ ಅಂದರೆ ಕಪ್ಪು ಅಥವಾ ಕೆಂಪು, ಅಷ್ಟೇ.

ಪಟ್ಟಿ ಓದಿದರೆ ಹೆಸರುಗಳೇ ಕಥೆ ಹೇಳುತ್ತವೆ. ಟ್ರೀಸೆನ್‌ಬೆರ್ಗ್ ಅಂದರೆ ಬೆಕ್, ಶೇಡ್ಲರ್, ಸೇಲೆ ಮನೆತನಗಳು. ಬಾಲ್ಟ್ಸರ್ಸ್ ಅಂದರೆ ಫ್ರಿಕ್, ಫೋಗ್ಟ್. ಎದುರಾಳಿಗಳ ಅಡ್ಡಹೆಸರು ಒಂದೇ ಆಗಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಥ ಕಡೆ ಪ್ರಣಾಳಿಕೆ ಓದಿ ವೋಟು ಹಾಕುವವರು ಕಮ್ಮಿ. ಸಂಗೀತ ಮೇಳದಲ್ಲಿ ಯಾರು ಊದುತ್ತಾರೆ, ಅಗ್ನಿಶಾಮಕ ಸ್ವಯಂಸೇವಕರಲ್ಲಿ ಯಾರು ರಾತ್ರಿ ಎದ್ದು ಓಡುತ್ತಾರೆ, ಇದು ಮುಖ್ಯ.

ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ನನಗೆ ತೊಂದರೆಯೇ ಹೆಚ್ಚು ಕಾಣುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಚುನಾವಣೆಗೆ ನಿಲ್ಲೋದು ಅಂದರೆ ಸೋಲನ್ನು ಅಂಗಡಿಯಲ್ಲಿ, ಚರ್ಚಿನಲ್ಲಿ, ಮದುವೆ ಮನೆಯಲ್ಲಿ ಹೊತ್ತು ತಿರುಗೋದು. ಗೆದ್ದರೆ ಇನ್ನೂ ಕಷ್ಟ. ಗೆಳೆಯನ ಜಮೀನು ಕಟ್ಟಡದ ವಲಯಕ್ಕೆ ಸೇರಬೇಕಾ ಬೇಡವಾ ಅನ್ನೋ ಕಡತ ಮೇಜಿಗೆ ಬರುತ್ತದೆ. 160 ಚದರ ಕಿಲೋಮೀಟರ್ ದೇಶದಲ್ಲಿ ಅಂಥ ಒಂದು ಗೆರೆ ಒಬ್ಬನನ್ನು ಶ್ರೀಮಂತ ಮಾಡಬಲ್ಲದು. ಜೊತೆಗೆ ಸಮಿತಿ ಸದಸ್ಯತ್ವ ಇಲ್ಲಿ ಪೂರ್ಣಾವಧಿ ಕೆಲಸ ಅಲ್ಲ, ಬೇರೆ ಉದ್ಯೋಗದ ಜೊತೆ ಸಂಜೆ ಹೊತ್ತು ಮಾಡುವ ಕೆಲಸ. ಕೆಲವು ಊರುಗಳಲ್ಲಿ ಮುಖ್ಯಸ್ಥನ ಸ್ಥಾನಕ್ಕೆ ಒಬ್ಬರೇ ಅಭ್ಯರ್ಥಿ ಇರೋದು ಸುಮ್ನೆ ಅಲ್ಲ.

ಊರುಗಳ ಬಲ ಊರಿನಲ್ಲೇ ಮುಗಿಯುವುದಿಲ್ಲ. ಸಂಸತ್ತು ಮಾಡಿದ ಕಾನೂನನ್ನು ಜನಮತಕ್ಕೆ ಎಳೆಯಬೇಕು ಅಂದರೆ ಸಾವಿರ ಜನರ ಸಹಿ ಬೇಕು. ಅಥವಾ ಮೂರು ಊರುಗಳು ಒಂದೇ ಠರಾವು ಮಾಡಿದರೂ ಸಾಕು. ಸಂವಿಧಾನದ ವಿಷಯವಾದರೆ 1,500 ಸಹಿ, ಅಥವಾ ನಾಲ್ಕು ಊರು.

ಹೀಗೆ ಇಷ್ಟೆಲ್ಲ ಕೈಯಲ್ಲಿರುವ ಊರ ಸಮಿತಿಯನ್ನು ಕಾಯುವವರು ಯಾರು? ದಶಕಗಳ ಕಾಲ ಇಲ್ಲಿ ಎರಡು ದಿನಪತ್ರಿಕೆ ಇದ್ದವು. ಕಪ್ಪು ಪಕ್ಷದ ಕಡೆ ಫೋಲ್ಕ್ಸ್‌ಬ್ಲಾಟ್, ಕೆಂಪು ಪಕ್ಷದ ಕಡೆ ಫಾಟರ್‌ಲಾಂಡ್. ಎರಡೂ ಪಕ್ಷದ ಕನ್ನಡಕ ಹಾಕಿದ್ದವೇ. ಆದರೆ ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ಎತ್ತಿ ತೋರಿಸುತ್ತಿತ್ತು. 1878ರಲ್ಲಿ ಶುರುವಾದ ಫೋಲ್ಕ್ಸ್‌ಬ್ಲಾಟ್ 2023ರ ಮಾರ್ಚ್‌ನಲ್ಲಿ, ಊರ ಚುನಾವಣೆ ನಡೆದ ಅದೇ ತಿಂಗಳು, ಬಾಗಿಲು ಮುಚ್ಚಿತು. ಆಮೇಲೆ ರೇಡಿಯೋ ಸರದಿ. 2024ರ ಅಕ್ಟೋಬರ್‌ನಲ್ಲಿ ಮತದಾರರು ಸಾರ್ವಜನಿಕ ರೇಡಿಯೋದ ಕಾನೂನನ್ನೇ ರದ್ದು ಮಾಡಿದರು. ಖಾಸಗಿಯವರಿಗೆ ಕೊಡುವ ಪ್ರಯತ್ನ ಕೈಗೂಡಲಿಲ್ಲ. 2025ರ ಏಪ್ರಿಲ್‌ನಲ್ಲಿ ರೇಡಿಯೋ ಲಿಕ್ಟೆನ್‌ಸ್ಟೈನ್ ಮೌನವಾಯಿತು. ತೆರಿಗೆ ದುಡ್ಡಿನಲ್ಲಿ ರೇಡಿಯೋ ಯಾಕೆ ಅಂತ ಕೇಳಿದವರ ಲೆಕ್ಕ ನನಗೆ ಗೊತ್ತಾಗುತ್ತದೆ. ಆದರೆ ಪ್ಲಾಂಕೆನ್‌ನ ಬಜೆಟ್ಟನ್ನೋ ರುಗೆಲ್‌ನ ಜಮೀನು ವಿವಾದವನ್ನೋ ಜ್ಯೂರಿಕ್‌ನ ಪತ್ರಿಕೆ ಬಂದು ಬರೆಯುವುದಿಲ್ಲ.

ಇದರ ಮಧ್ಯೆ ರಾಜಕೀಯವೂ ಅಲುಗಾಡಿದೆ. 2025ರ ಫೆಬ್ರವರಿಯ ಸಂಸತ್ ಚುನಾವಣೆಯಲ್ಲಿ 25 ಸ್ಥಾನಗಳ ಪೈಕಿ ಕೆಂಪು ಪಕ್ಷಕ್ಕೆ 10, ಕಪ್ಪು ಪಕ್ಷಕ್ಕೆ 7 ಬಂತು. 2018ರಲ್ಲಿ ಹುಟ್ಟಿದ ಡೆಮಾಕ್ರಟ್ಸ್ ಪಕ್ಷ 6 ಗೆದ್ದಿತು. ಬ್ರಿಗಿಟ್ಟೆ ಹಾಸ್ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಸಂಸತ್ತಿನಲ್ಲಿ ಬಲ ಬೆಳೆಸಿಕೊಂಡ ಹೊಸ ಪಕ್ಷ ಊರುಗಳಿಗೂ ಇಳಿಯುತ್ತಾ? 2027ರ ದೊಡ್ಡ ಪ್ರಶ್ನೆ ಇದು. ನನ್ನ ಅಂದಾಜು: ದೇಶದ ಮಟ್ಟದಲ್ಲಿ ಸಿಟ್ಟಿನ ವೋಟು ಸಿಗುತ್ತದೆ, ಊರಿನಲ್ಲಿ ಸಿಟ್ಟಿಗಿಂತ ಗುರುತು ಜಾಸ್ತಿ ಕೆಲಸ ಮಾಡುತ್ತದೆ. ಹನ್ನೊಂದೂ ಊರುಗಳಲ್ಲಿ ಪಟ್ಟಿ ತುಂಬಿಸುವಷ್ಟು ಪರಿಚಿತ ಮುಖಗಳನ್ನು ಒಟ್ಟು ಹಾಕುವುದು ಸಂಸತ್ತಿಗೆ 25 ಜನರನ್ನು ಹುಡುಕುವುದಕ್ಕಿಂತ ಕಷ್ಟ. ಹಳೆಯ ಪಕ್ಷಗಳೇ ಅದಕ್ಕೆ ಮನೆ ಮನೆ ಸುತ್ತುತ್ತವೆ.

2027ರ ಚುನಾವಣೆಗೆ ಮುಂಚೆ ವೋಟಿನ ಚೀಟಿಯ ಲಕೋಟೆಗಳು ಮತ್ತೆ ಅಂಚೆ ಪೆಟ್ಟಿಗೆಗಳಿಗೆ ಬೀಳುತ್ತವೆ. ಶಾನ್‌ನ ಒಂದು ಅಪಾರ್ಟ್‌ಮೆಂಟ್ ಕಟ್ಟಡ ಅಂದುಕೊಳ್ಳಿ, ಬಾಗಿಲ ಪಕ್ಕ ಆರು ಪೆಟ್ಟಿಗೆಗಳ ಸಾಲು. ನಾಲ್ಕರಲ್ಲಿ ಲಕೋಟೆ ಇರುತ್ತದೆ. ಎರಡರಲ್ಲಿ ಇರುವುದಿಲ್ಲ. ಊರ ತೆರಿಗೆಯ ಬಿಲ್ಲು ಮಾತ್ರ ಆರಕ್ಕೂ ಬರುತ್ತದೆ.